ಮುಂಗಡ ಬಾಣಂತನ

ಸಾವಿತ್ರಿ ಮಾತು ಕಲಿತದ್ದೇ ಪಿಸುಮಾತಿನಲ್ಲಿ.

ಮುಂಬಯಿಯ ಪರೇಲದಲ್ಲಿ ಅವಳ ಅಪ್ಪ-ಅವ್ವನಿಗೆ ಇದ್ದದ್ದು ಚಾಳಿನ ಒಂದೇ ಖೋಲಿ. ಅದನ್ನೂ ಅವ್ವ ಶಂಕ್ರೆವ್ವನ ಹಳೆಯ ಸೀರೆಯೊಂದು ನಡುವೆ ಇಳಿಬಿದ್ದು ಎರಡು ಪಾಲು ಮಾಡಿತ್ತು. ಸೀರೆಯ ಈಚೆ ಒಲೆ, ಹಂಚು, ಹಿಟ್ಟಿನ ಡಬ್ಬಿ, ಸಾವಿತ್ರಿಯ ಬಟ್ಟೆಯ ಗೊಂಬೆ. ಆಚೆ ಊರ ಕಡೆಯ ಗಂಡಸರು. ತಾಂಬಾದವನೊಬ್ಬ, ನಾಲತವಾಡದವನೊಬ್ಬ, ಬಾಗೇವಾಡಿಯ ಕಡೆಯವರು ಇನ್ನಿಬ್ಬರು. ಎಲ್ಲರೂ ಬಟ್ಟೆ ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು, ಶಂಕ್ರೆವ್ವ ಬಡಿದ ಬಿಸಿ ರೊಟ್ಟಿ ಉಂಡು, ಹಗಲಿಡೀ ಮಲಗುವವರು. ಅವರು ಮಲಗಿದ ಮೇಲೆ ಶಂಕ್ರೆವ್ವ ತಾಟನ್ನು ನೆಲಕ್ಕಿಡುವಾಗ ಸದ್ದಾಗದಂತೆ ಅಡಿಗೆ ಕಿರುಬೆರಳು ಕೊಟ್ಟು ಇಡುತ್ತಿದ್ದಳು.

"ಶ್... ಕಾಕಾಗೋಳು ಮಲಗ್ಯಾರ."

ಸಾವಿತ್ರಿಗೆ ಐದು ವರ್ಷವಾಗುವ ಹೊತ್ತಿಗೆ ಈ ಮಾತನ್ನು ಹೇಳುವ ಅಗತ್ಯವೇ ಉಳಿಯಲಿಲ್ಲ. ನೀರು ಕೇಳುವುದೂ ಪಿಸುಮಾತಿನಲ್ಲಿ, ಬಿದ್ದು ಮೊಣಕಾಲು ಕೆತ್ತಿಕೊಂಡರೆ ಅಳುವುದೂ ಪಿಸುಮಾತಿನಲ್ಲಿ. ಕೆಳಗಿನ ಚೌಕಿನಲ್ಲಿ ಬೇರೆ ಮಕ್ಕಳು ಅರಚುತ್ತ ಓಡಾಡಿದರೆ ಇವಳು ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ಪಕ್ಕದ ಖೋಲಿಯ ಸೋಲಾಪುರದ ಇಂದುಬಾಯಿ ಒಮ್ಮೆ ಕೇಳಿಯೇಬಿಟ್ಟಳು: "ಶಂಕ್ರೆವ್ವಾ, ಪೋರಿ ಗಂಟಲಾಗ ಏನರ ಆಗೇತೇನು? ಡಾಕ್ಟರಿಗೆ ತೋರಸವಾ."

"ಏನೂ ಆಗಿಲ್ಲವ್ವ. ಜಾಗಾ ಇಲ್ಲ ನೋಡು, ದನಿಗೆ," ಎಂದಿದ್ದಳು ಶಂಕ್ರೆವ್ವ.

ಹಾಗಂದದ್ದು ಅವಳಿಗೆ ಆಮೇಲೆ ಎಷ್ಟೋ ದಿನ ನೆನಪಾಗುತ್ತಿತ್ತು.

ಅವಳ ಗಂಡ ಪರಸಪ್ಪ ರೈಲ್ವೆ ಕಾರಖಾನೆಯಲ್ಲಿ ಫಿಟ್ಟರ್. ಎಪ್ಪತ್ತೆಂಟರ ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ಕೆಲಸದಿಂದ ಬಂದವನು ಕೈಯ ಗ್ರೀಸು ತೊಳೆಯುವುದನ್ನೂ ಮರೆತು ಹೊರಗಿನ ಗ್ಯಾಲರಿಗೆ ಹೆಂಡತಿಯನ್ನು ಕರೆದ.

"ಝಾಂಬಿಯಾ ಅಂತ ಒಂದು ದೇಶ ಐತಂತ, ಆಫ್ರಿಕಾದಾಗ. ಅಲ್ಲಿ ರೇಲ್ವೆಕ್ಕ ಫಿಟ್ಟರ್ ಬೇಕಾಗ್ಯಾರ. ನಮ್ಮ ಸಾಹೇಬ ನನ್ನ ಹೆಸರು ಹೇಳ್ಯಾನ."

"ಎಷ್ಟು ದಿನ?"

"ಮೂರು ವರ್ಷ. ಇರಾಕ ಮನಿ ಕೊಡ್ತಾರ. ಸುತ್ತ ಅಂಗಳ ಇರತೈತಂತ."

"ಎಂಥಾ ಅಂಗಳ?"

"ಅಂಗಳ ಅಂದ್ರ ಅಂಗಳ. ನಾ ಏನ್ ನೋಡಿ ಬಂದೇನೇನು?"

ಆದರೆ ಶಂಕ್ರೆವ್ವ ಅದನ್ನು ಮರುದಿನದಿಂದಲೇ ನೋಡತೊಡಗಿದಳು. ಮಧ್ಯಾಹ್ನ ಗಂಡಸರು ಮಲಗಿ, ಖೋಲಿ ತುಂಬ ಅವರ ಉಸಿರು ಏರಿ ಇಳಿಯುವಾಗ, ಒಲೆಯ ಮುಂದೆ ಕೂತು ಕಣ್ಣು ಮುಚ್ಚಿದರೆ ಸಾಕು, ಅಂಗಳ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಅದರ ಬಣ್ಣ ಒಮ್ಮೆ ಕೆಂಪು, ಒಮ್ಮೆ ಊರಿನ ಎರೆಮಣ್ಣಿನ ಹಾಗೆ ಕಪ್ಪು. ಅದರಲ್ಲಿ ಹೆಸರು ಗೊತ್ತಿಲ್ಲದ ಒಂದು ಮರ. ದೂರದಲ್ಲಿ ರೈಲು ಹೋಗುತ್ತಿರುತ್ತದೆ, ಆದರೆ ಸದ್ದಿಲ್ಲ. ಸದ್ದೆಲ್ಲ ಸಾವಿತ್ರಿಯದೇ. ಅವಳು ಮರದ ಸುತ್ತ ಓಡುತ್ತ ಬಾಯಿ ತೆರೆದು ಏನೋ ಕೂಗುತ್ತಾಳೆ. ಏನು ಕೂಗುತ್ತಾಳೆ ಎಂದು ಕೇಳಿಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಯಾರೋ ಸೀರೆಯ ಆಚೆ ಮಗ್ಗುಲು ಬದಲಿಸಿ ಕೆಮ್ಮುತ್ತಿದ್ದರು.

ಒಂದು ಷರತ್ತಿತ್ತು. ಹೆಂಡತಿ ಮಕ್ಕಳು ನೌಕರನ ಜೊತೆಯಲ್ಲೇ ಹೊರಟರೆ ಅವರಿಗೂ ವಿಮಾನದ ಟಿಕೇಟು. ಹಿಂದೆ ಉಳಿದರೆ ಆಮೇಲೆ ಕರೆಸಿಕೊಳ್ಳಲು ಬರುವುದಿಲ್ಲ. ಮೂರು ವರ್ಷ ಅವನು ಅಲ್ಲಿ, ಇವರು ಇಲ್ಲಿ.

"ನೀವಿಬ್ರೂ ಬರ್ತೀರಂದ್ರ ನಾ ಹೋಗ್ತೇನಿ. ಇಲ್ಲಾಂದ್ರ ಇಲ್ಲ," ಎಂದ ಪರಸಪ್ಪ. "ಎಳ್ಳಮಾಸಿಗೆ ಊರಿಗೆ ಹೋಗಿ ಅಕ್ಕನ ಕಿವಿಮ್ಯಾಲ ಹಾಕೂಣು. ಬಂದ ಮ್ಯಾಲೆ ಸಾಹೇಬಗ ಹೌದು-ಅಲ್ಲ ಹೇಳಬೇಕು."

ಅಕ್ಕ ಎಂದರೆ ರೇವವ್ವ. ಪರಸಪ್ಪನಿಗೆ ಅಕ್ಕ, ಶಂಕ್ರೆವ್ವನಿಗೆ ತಾಯಿ. ಆ ಕಡೆ ನಡೆದು ಬಂದಂತೆ ರೇವವ್ವ ತನ್ನ ಮಗಳನ್ನು ತಮ್ಮನಿಗೇ ಕೊಟ್ಟಿದ್ದಳು. ಹೀಗಾಗಿ ಪರಸಪ್ಪ ಅಕ್ಕನ ಮುಂದೆ ಎಂದೂ ಅಳಿಯನಾಗಲೇ ಇಲ್ಲ, ತಮ್ಮನಾಗಿಯೇ ಉಳಿದ. ಅಕ್ಕನಿಗೆ ಹೇಳದ ಮಾತು ಅವನ ಹೊಟ್ಟೆಯಲ್ಲಿ ಒಂದು ದಿನ ಉಳಿದದ್ದಿಲ್ಲ.

ಅದಕ್ಕೇ ಶಂಕ್ರೆವ್ವ ತನ್ನ ಹೊಟ್ಟೆಯಲ್ಲಿದ್ದದ್ದನ್ನು ಅವನಿಗೂ ಹೇಳಿರಲಿಲ್ಲ.

ತಿಂಗಳು ನಿಂತಿತ್ತು. ಬಸುರಿ ಎಂದು ತಿಳಿದರೆ ರೇವವ್ವ ಬಿಡುವವಳಲ್ಲ. ಆ ಮನೆಯ ಹೆಣ್ಣುಮಕ್ಕಳು ಹೆರುವುದು ಆ ಮನೆಯ ಪಡಸಾಲೆಯ ಒಳಕೋಣೆಯಲ್ಲೇ. ಸಾವಿತ್ರಿ ಹುಟ್ಟಿದ್ದೂ ಅಲ್ಲೇ. ಬೇರೆಯವರಿಗೆ ಅದು ಬರೀ ಪದ್ಧತಿ, ರೇವವ್ವನಿಗೆ ಹಾಗಲ್ಲ. ಪರಸಪ್ಪನನ್ನು ಹೆತ್ತ ಅವಳ ತಾಯಿ ಹೆರಿಗೆಯಾಗಿ ಸರಿಯಾಗಿಯೇ ಇದ್ದಳು. ಬಾಣಂತನ ಮಾಡುವವರಿಲ್ಲದೆ, ಹಸಿಮೈಯಲ್ಲಿ ನೀರು ಹೊತ್ತು, ನಂಜೇರಿ ಸತ್ತಳು. ಆಗತಾನೇ ಮದುವೆಯಾಗಿ ಹೋಗಿದ್ದ ರೇವವ್ವ ಓಡಿ ಬಂದು, ಆ ಹಸುಗೂಸನ್ನು ತನ್ನ ಕಾಲ ಮೇಲೆ ಹಾಕಿಕೊಂಡು ಎರೆದು ಬೆಳೆಸಿದ್ದಳು. ಅಂಥವಳಿಗೆ 'ನಾ ಕಂಡರಿಯದ ದೇಶದಾಗ ಹೆರ್ತೇನಿ' ಎಂದು ಹೇಳುವುದು ಹೇಗೆ? ವಿಮಾನ ಏರಿದ ಮೇಲೆ ಗಂಡನಿಗೆ ಹೇಳಿದರಾಯಿತು ಎಂದುಕೊಂಡಳು ಶಂಕ್ರೆವ್ವ. ಮೇಲೆ ಮೋಡದಲ್ಲಿ ಹೇಳಿದ ಮಾತು ಕೆಳಗೆ ಯಾರಿಗೆ ಕೇಳುತ್ತದೆ?

ಆದರೆ ಬಯಕೆ ಅನ್ನುವುದೊಂದಿದೆಯಲ್ಲ. ಅವಳಿಗೆ ಹುಣಸೆ ಬೇಡವಾಯಿತು, ಮಾವಿನ ಉಪ್ಪಿನಕಾಯಿ ಬೇಡವಾಯಿತು. ಅವಳಿಗೆ ಬೇಕಾದದ್ದು ಮಣ್ಣು. ಇಂದುಬಾಯಿ ತುಳಸಿಗೆ ನೀರು ಹಾಕಿದಾಗ ಏಳುವ ಘಮಕ್ಕೆ ಬಾಯಲ್ಲಿ ನೀರೂರಿ, ಗ್ಯಾಲರಿಯಲ್ಲಿ ಯಾರೂ ಇಲ್ಲದಾಗ ಕುಂಡದಿಂದ ಕಡಲೆಕಾಳಿನಷ್ಟು ಮಣ್ಣು ತೆಗೆದು ನಾಲಿಗೆಗಿಟ್ಟುಕೊಳ್ಳುತ್ತಿದ್ದಳು. ಅದು ಸಪ್ಪೆ. ಹೊಗೆಯ ವಾಸನೆ. ಅವಳಿಗೆ ಬೇಕಾದದ್ದು ತವರೂರು ತಾಂಬಾದ ಮನೆಯ ಗೋಡೆಯ ಮಣ್ಣು.

ಒಮ್ಮೆ ತಿರುಗಿ ನೋಡಿದರೆ ಸಾವಿತ್ರಿ ಬಾಗಿಲಲ್ಲಿ ನಿಂತಿದ್ದಳು.

"ಏನ್ ತಿಂತಿ ಅವ್ವಾ?" ಪಿಸುಮಾತು.

"ಏನಿಲ್ಲ. ಯಾರ ಮುಂದೂ ಹೇಳಬ್ಯಾಡ." ಅದೂ ಪಿಸುಮಾತು.

*

ಇಂಡಿ ರೋಡಿನಲ್ಲಿ ರೈಲಿಳಿದು, ಬಸ್ಸು ಹಿಡಿದು ತಾಂಬಾ ಸೇರುವಷ್ಟರಲ್ಲಿ ಬಿಸಿಲು ಹದವಾಗಿ ಕಾಯಿಸಿದ ಹಾಲಿನಂತಾಗಿತ್ತು. ರಸ್ತೆಯ ಎರಡೂ ಬದಿ ಬಿಳಿಜೋಳ ಹಾಲು ತುಂಬಿಕೊಂಡು ನಿಂತಿತ್ತು. ಅಂಚಿಗೆ ಕುಸುಬೆಯ ಹಳದಿ. ಬಸ್ಸಿನ ಕಿಟಕಿಗೆ ಹಣೆಯಿಟ್ಟ ಶಂಕ್ರೆವ್ವನಿಗೆ ಹೊಲಗಳೇ ಎಲ್ಲಿಗೋ ಹೊರಟ ಹಾಗೆ, ತಾನು ಮಾತ್ರ ಕೂತಲ್ಲೇ ಇರುವ ಹಾಗೆ ಅನಿಸಿತು.

ಇವರು ಮನೆ ಮುಟ್ಟಿದ ಗಳಿಗೆಯಿಂದ ರೇವವ್ವ ಅಡುಗೆಗೆ ನಿಂತಿದ್ದಳು. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲದ ಬೆಳೆಗೆ ಚರಗ ಚೆಲ್ಲಬೇಕು, ಎಡೆಯ ಅಡುಗೆಯನ್ನು ಪೈರಿನ ಮೇಲೆ ಎರಚಬೇಕು. ತೆನೆ ತುಂಬಿದ ಹೊಲ ತುಂಬಿದ ಬಸುರಿಯಿದ್ದಂತೆ, ಅದರ ಬಯಕೆ ತೀರಿಸಬೇಕು ಎಂಬ ನಂಬಿಕೆ. ಸಜ್ಜಿಯ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯೆ, ಎಣ್ಣೆಗಾಯಿ. ತಂಗಳಾಗದಂತೆ ಬುಟ್ಟಿ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿದ್ದಳು. ಅವಳ ಗಂಡ ಸಿದ್ದರಾಯ ಕುರಿ ಹಟ್ಟಿಯಿಂದ ಬಂದವನು ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, "ಏನವ್ವಾ ಮುಂಬಯಿ, ಬಾಯಾಗ ಹಲ್ಲು ಅದಾವಿಲ್ಲೋ? ಮುತ್ಯಾನ ಕೂಡ ಒಂದು ಮಾತಾಡು," ಎಂದ. ಸಾವಿತ್ರಿ ಅವನ ಕಿವಿಗೆ ಬಾಯಿಟ್ಟು ಏನೋ ಅಂದಳು. "ನನಗ ಕಿವಿ ಮಂದಾತೇನ?" ಎಂದು ಸಿದ್ದರಾಯ ಕಿವಿಯೊಳಗೆ ಬೆರಳಾಡಿಸಿಕೊಂಡ.

ಶಂಕ್ರೆವ್ವ ಹಿತ್ತಿಲಿಗೆ ಹೋದಳು. ಗೋಡೆಗೆ ಮೈ ಆನಿಸಿ ನಿಂತಳು. ಹೋದ ವರ್ಷ ಬಳಿದ ಮಣ್ಣು ಬಿಸಿಲಿಗೆ ಹಪ್ಪಳದ ಹಾಗೆ ಎದ್ದಿತ್ತು. ಒಂದು ಹಕ್ಕಳೆ ಮುರಿದು ಬಾಯಿಗಿಟ್ಟುಕೊಂಡಳು. ಮೊದಲು ತಂಪು, ಆಮೇಲೆ ಕರಗುವಾಗ ಮೊದಲ ಮಳೆಯ ರುಚಿ, ಜೋಳದ ಸೊಪ್ಪಿನ ರುಚಿ, ತಾನು ಹುಡುಗಿಯಾಗಿ ಈ ಗೋಡೆಗೊರಗಿ ಕೂತ ಎಷ್ಟೋ ಮಧ್ಯಾಹ್ನಗಳ ರುಚಿ. ಕಣ್ಣು ತಾವಾಗಿ ಮುಚ್ಚಿದವು. ಹೋಗಬೇಕು ಎಂದೂ ಅನಿಸಿತು, ಈ ಗೋಡೆಯೊಳಗೇ ಹೊಕ್ಕು ಮಲಗಬೇಕು ಎಂದೂ ಅನಿಸಿತು. ಎರಡೂ ಒಂದೇ ಸಲ.

ಮರುದಿನ ಎಲ್ಲರೂ ಹೊಲಕ್ಕೆ ಹೋದರು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಎಡೆ ತೋರಿಸಿ ಪೂಜೆಯಾಯಿತು. ಆಮೇಲೆ ಚರಗ. ಮುಂದೆ ಪರಸಪ್ಪ ಬುಟ್ಟಿ ಹಿಡಿದು ಎಡೆ ಚೆಲ್ಲುತ್ತ ಕೂಗುವುದು, ಹಿಂದೆ ಸಿದ್ದರಾಯ ತಂಬಿಗೆಯಿಂದ ನೀರು ಚಿಮುಕಿಸುತ್ತ ಓಗೊಡುವುದು.

"ಹುಲಿಗ್ಯೋ... ಹುಲಿಗ್ಯೋ..."

"ಚಲ್ಲಂಬ್ರಿಗ್ಯೋ..."

ಸುತ್ತಲ ಹೊಲಗಳಿಂದಲೂ ಅದೇ ಕೂಗು ಎದ್ದಿತು. ಜೋಳದ ಮೇಲೆ ದನಿಗಳು ಹಕ್ಕಿಯ ಹಿಂಡಿನಂತೆ ಹಾರಿ ಹೋಗಿ ಮತ್ತೆಲ್ಲೋ ಇಳಿಯುತ್ತಿದ್ದವು. ತನ್ನಪ್ಪ ಇಷ್ಟು ದೊಡ್ಡದಾಗಿ ಕೂಗುವುದನ್ನು ಸಾವಿತ್ರಿ ಎಂದೂ ಕೇಳಿರಲಿಲ್ಲ. ಅವನ ಅಂಗಿಯ ಚುಂಗು ಹಿಡಿದು ಓಡುತ್ತ, "ಅಪ್ಪಾ, ಕಾಕಾಗೋಳು ಏಳ್ತಾರ," ಎಂದಳು.

"ಏಳಲಿ! ಇಲ್ಲ್ಯಾರದಾರ? ಬರೇ ಜ್ವಾಳ! ನೀನೂ ಒದರು!"

"ಏನಂತ ಒದರಲಿ?"

"ಏನರ ಒದರು! ಬಾಯಾಗ ಏನ್ ಬರತೈತಿ ಅದನ್ನ!"

ಸಾವಿತ್ರಿ ನಿಂತಳು. ಮೊದಲು ಗಾಳಿಯಷ್ಟೇ ಬಂತು. ಆಮೇಲೆ ಒಂದು ಕೀರಲು. ತನ್ನ ದನಿಗೆ ತಾನೇ ಬೆಚ್ಚಿ ಸುತ್ತ ನೋಡಿದಳು. ಯಾರೂ ಶ್ ಅನ್ನಲಿಲ್ಲ. ಮತ್ತೊಮ್ಮೆ ಕೂಗಿದಳು, ಇನ್ನೂ ದೊಡ್ಡದಾಗಿ. ಬದುವಿನ ಮೇಲೆ ಕೂತಿದ್ದ ಶಂಕ್ರೆವ್ವ ಎದ್ದು ನಿಂತಳು. ಒಲೆಯ ಮುಂದೆ ಕಂಡ ಕನಸಿನಲ್ಲಿ ಕೇಳಿಸದೇ ಹೋಗುತ್ತಿದ್ದ ಕೂಗು ಇದೇ. ಎದೆ ತುಂಬಿ ಬಂತು. ಅಷ್ಟರಲ್ಲಿ ಕೂಸು ತಲೆ ಹಿಂದಕ್ಕೆ ಚೆಲ್ಲಿ, ತನ್ನ ಪುಟ್ಟ ಬಾಯಲ್ಲಿ ಇಷ್ಟು ದಿನ ಹಿಡಿದಿಟ್ಟಿದ್ದನ್ನು ಇಡೀ ಹೊಲಕ್ಕೆ ಕೇಳುವಂತೆ ಕೂಗಿತು:

"ನಮ್ಮವ್ವ ಮಣ್ಣು ತಿಂತಾಳೋ...!"

ಪಕ್ಕದ ಹೊಲದಲ್ಲಿ ಚರಗ ಚೆಲ್ಲುತ್ತಿದ್ದ ಧರೆಪ್ಪ ರೂಢಿಯ ಬಲದಿಂದ "ಚಲ್ಲಂಬ್ರಿಗ್ಯೋ!" ಎಂದು ಓಗೊಟ್ಟ.

ಪರಸಪ್ಪ ನಕ್ಕ. ಸಿದ್ದರಾಯನೂ ನಕ್ಕ. ರೇವವ್ವ ನಗಲಿಲ್ಲ. ಊಟದ ಬುಟ್ಟಿ ಕೆಳಗಿಟ್ಟು ಬದುವಿನ ಕಡೆ ನಡೆದು ಬಂದು, ಮಗಳ ಗಲ್ಲ ಹಿಡಿದು ಬಾಯಿ ತೆರೆಸಿ, ಕುರಿಯ ಹಲ್ಲು ನೋಡಿದಂತೆ ನೋಡಿದಳು.

"ಎಷ್ಟು ತಿಂಗಳು?"

ಶಂಕ್ರೆವ್ವ ನೆಲ ನೋಡಿದಳು. "ಮೂರು ತುಂಬಾಕ ಬಂತು."

"ಇವಗ ಗೊತ್ತೈತಿ?"

"ಇಲ್ಲ."

ಪರಸಪ್ಪನ ಕೈಯಲ್ಲಿದ್ದ ಹಿಡಿಯಷ್ಟು ಚರಗ ಅಲ್ಲೇ ಉಳಿಯಿತು. ಝಾಂಬಿಯಾದ ಮಾತನ್ನು ಅವನು ಊಟವಾದ ಮೇಲೆ, ಅಕ್ಕ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು ನೋಡಿ ಮೆಲ್ಲಗೆ ತೆಗೆಯಬೇಕೆಂದಿದ್ದ. ಈಗ ತಡೆಯಲಾರದೆ ಅದನ್ನೂ ನಿಂತಲ್ಲೇ ಹೇಳಿಬಿಟ್ಟ. ದೇಶ, ರೈಲು, ಮನೆ, ಅಂಗಳ, ಮೂರು ವರ್ಷ, ಜೊತೆಯಲ್ಲೇ ಹೊರಡಬೇಕಾದ ಷರತ್ತು.

ರೇವವ್ವ ಪೂರಾ ಕೇಳಿದಳು. "ಆತು. ನೀ ಹೋಗು. ಇಕಿ ಇಲ್ಲೇ ಇರ್ತಾಳ."

"ಇಕಿ ಬರಲಿಲ್ಲಂದ್ರ ನಾ ಯಾಕ ಹೋಗ್ಲಿ ಅಕ್ಕಾ?"

"ಹಂಗಾರ ಹೋಗಬ್ಯಾಡ. ಮುಂಬಯಿ ಏನ್ ಕಮ್ಮಿ ದೂರ ಐತೇನು ನಿಮಗ?"

ಅಲ್ಲಿಗೆ ಮಾತು ಮುಗಿಯಿತು. ಬನ್ನಿಗಿಡದ ಕೆಳಗೆ ಎಲ್ಲರೂ ಉಂಡರು. ಕಡಬು ಎಲ್ಲರ ಮುಂದೆಯೂ ಮುರಿದಲ್ಲೇ ಉಳಿಯಿತು. ಸಾವಿತ್ರಿ ಒಬ್ಬೊಬ್ಬರ ಮುಖ ನೋಡಿದಳು. ತಾನು ಕೂಗಿದ್ದಕ್ಕೇ ಹೀಗಾಯಿತು ಎಂದು ಅವಳಿಗೆ ತಿಳಿದುಹೋಗಿತ್ತು. ಅವ್ವನ ಸೆರಗಿನೊಳಗೆ ಸೇರಿ, "ಇನ್ನ ಒದರಂಗಿಲ್ಲವ್ವ," ಎಂದಳು, ಮೊದಲಿನ ಪಿಸುಮಾತಿನಲ್ಲಿ.

ರೇವವ್ವನ ತುತ್ತು ಬಾಯಿಯ ಹತ್ತಿರ ನಿಂತಿತು.

"ಯಾಕ ಇದು ಹಿಂಗ ಮಾತಾಡತೈತಿ? ಹೆಣದ ಮನ್ಯಾಗ ಮಾತಾಡಿದಂಗ?"

ಶಂಕ್ರೆವ್ವ ಹೇಳಿದಳು. ಊರಿಗೆ ಬಂದಾಗಲೆಲ್ಲ ಮುಂಬಯಿ ಛಂದ ಐತಿ, ನಳದಾಗ ನೀರು ಬರ್ತಾವು, ದೀಪ ಝಗಝಗ ಅಂತಾವು ಎಂದಷ್ಟೇ ಹೇಳುತ್ತಿದ್ದವಳು, ಅಂದು ಮೊದಲ ಸಲ ಖೋಲಿಯ ನಡುವಿನ ಸೀರೆಯ ಮಾತು ಹೇಳಿದಳು. ಹಗಲು ಮಲಗುವ ಗಂಡಸರು. ತಾಟಿನ ಅಡಿಯ ಕಿರುಬೆರಳು. ಅಳುವುದನ್ನೂ ಒಳಗೇ ಅತ್ತು ಮುಗಿಸುವ ಕೂಸು.

"ಇನ್ನೊಂದು ಕೂಸು ಆ ಖೋಲ್ಯಾಗ ಹೆಂಗ ಅಳಬೇಕವ್ವಾ?" ಎಂದಳು. "ಹಸಗೂಸಿಗೆ ಶ್ ಅಂದ್ರ ತಿಳಿತೈತೇನು?"

ರೇವವ್ವ ತುತ್ತನ್ನು ಇಳಿಸಿ, ಜೋಳದ ಕಡೆ ನೋಡುತ್ತ ಕೂತಳು. ಗಾಳಿ ಬೀಸಿ ತೆನೆಗಳೆಲ್ಲ ಒಂದೇ ಕಡೆ ವಾಲಿ ಮತ್ತೆ ಎದ್ದು ನಿಂತವು.

"ಹೆರಿಗಿ ಅಲ್ಲಿ ಯಾರು ಮಾಡ್ತಾರ?" ಎಂದು ಕೇಳಿದಳು.

"ರೇಲ್ವೆ ದವಾಖಾನಿ ಐತಕ್ಕ," ಎಂದ ಪರಸಪ್ಪ.

"ಹೆರಿಗಿ ಒಂದು ಹಗಲಿಂದು. ಅದು ಹೆಂಗರ ಆಗತೈತಿ. ನಮ್ಮವ್ವಗೂ ಆಗಿತ್ತು. ಆಮ್ಯಾಲಿಂದು ಯಾರು ಮಾಡ್ತಾರ? ಕೂಸಿಗೆ ಎರಿಯಾಕ, ಬಾಣಂತಿ ಬೆನ್ನಿಗೆ ನೀರು ಹಾಕಾಕ, ಹೊಗಿ ಹಿಡಿಯಾಕ ಯಾರದಾರ ನಿನಗ ಅಲ್ಲಿ?"

"ನಾ ಇಲ್ಲೇನು?"

ಸಿದ್ದರಾಯನಿಗೆ ನೀರು ನೆತ್ತಿಗೇರಿತು. "ನೀ? ಕೂಸಿಗೆ ಎರೀತಿ? ನಟ್ಟಿಗೆ ಪಾನಾ ಹಚ್ಚಿದಂಗ ತಿರಗಸ್ತಿಯೇನು ಅದನ್ನ?"

"ನಗಬ್ಯಾಡ ಮಾವಾ. ಕಲಿತೇನಿ ನಾ."

ಗಂಡಸು ಹಾಗೆಂದದ್ದನ್ನು ಆ ಸೀಮೆಯಲ್ಲಿ ಯಾರೂ ಕೇಳಿರಲಿಲ್ಲ. ರೇವವ್ವ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಾಳೆ ಮುಂಜಾನಿ ಧೋತ್ರ ಮ್ಯಾಲೆ ಕಟ್ಟಿಕೊಂಡು ಹಿತ್ತಲಕ್ಕ ಬಾ. ನೋಡೂಣು. ಬರಲಿಲ್ಲಂದ್ರ ಇಕಿ ಇಲ್ಲೇ."

*

ಹಿತ್ತಿಲಿನ ಬಚ್ಚಲ ಕಲ್ಲಿನ ಪಕ್ಕದಲ್ಲಿ ಹಂಡೆ ಕಾಯುತ್ತಿತ್ತು. ಕೂಸಿನ ಬದಲಿಗೆ ಸಿದ್ದರಾಯ ಹಟ್ಟಿಯಿಂದ ಒಂದು ಎಳೆಯ ಕುರಿಮರಿ ತಂದುಕೊಟ್ಟಿದ್ದ. ಕರಿ ಮರಿ, ಹಣೆಯ ಮೇಲೆ ಬಿಳಿ ಚುಕ್ಕೆ.

"ಕೂಡು," ಎಂದಳು ರೇವವ್ವ.

ಪರಸಪ್ಪ ಚಕ್ಕಳಮಕ್ಕಳ ಹಾಕಿ ಕೂತ.

"ಉಣ್ಣಾಕ ಕುಂತೀಯೇನು? ಕಾಲು ಚಾಚು. ಎರಡೂ ಕೂಡಿಸು. ಕಾಲಿನ ನಡುವ ತಗ್ಗಾಗತೈತಿ ನೋಡು, ಅದ ಕೂಸಿನ ತೊಟ್ಟಿಲು. ಹೂಂ, ಮರಿ ಹಾಕ್ಕೋ. ಬೋರಲು. ಅಯ್ಯ, ಕುತಿಗಿ ಹಿಡಿಬ್ಯಾಡೋ ಹುಚ್ಚಪ್ಪ! ಗದ್ದದ ಕೆಳಗ ಅಂಗೈ ಕೊಡು."

ಮರಿ ಬ್ಯಾ ಎಂದು ಜಾರಿತು. ಪರಸಪ್ಪ ಅದನ್ನು ಎಂಜಿನಿನ ಭಾಗ ಹಿಡಿದಂತೆ ಎರಡೂ ಕೈಯಲ್ಲಿ ಬಿಗಿಹಿಡಿದ. ಗೋಡೆಯ ಆಚೆ ತಲೆಗಳು ಮೂಡತೊಡಗಿದವು. ಧರೆಪ್ಪ ಗೋಡೆಯ ಮೇಲೆ ಗದ್ದವೂರಿ, "ಏನ್ ರೇವಕ್ಕಾ, ಅಳಿಯಂದ್ರು ಹಡದಾರೇನು? ಗಂಡೋ ಹೆಣ್ಣೋ?" ಎಂದ.

"ನೀ ಹಡದಾಗ ಕರಿ, ನಿನ್ನ ಮನಿಗೂ ಬರ್ತಾನ," ಎಂದಳು ರೇವವ್ವ, ತಿರುಗಿ ನೋಡದೆ. "ನೀರು ಹದ ನೋಡೋ ತಮ್ಮಾ."

ಪರಸಪ್ಪ ಬೆರಳದ್ದಿದ. "ಸರಿ ಐತಿ."

ರೇವವ್ವ ತಾನೂ ಅದ್ದಿ, ಚಟ್ಟನೆ ಕೈ ತೆಗೆದು ಅವನ ಮುಂಗೈಗೆ ಒಂದು ಏಟು ಕೊಟ್ಟಳು. "ಸುಟ್ಟು ಸುಣ್ಣ ಆಗತಿತ್ತು ಕೂಸು! ನಿನಗ ಬಿಸಿ ಹತ್ತಲಿಲ್ಲೇನು?"

ಹತ್ತಿರಲಿಲ್ಲ. ವರ್ಷಗಟ್ಟಲೆ ಬಿಸಿ ಕಬ್ಬಿಣ ಹಿಡಿದು ಅವನ ಬೆರಳುಗಳ ತುದಿ ಕೊರಡಾಗಿತ್ತು. ರೇವವ್ವ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಈ ಬೆರಳು ಬಿಳಿ ಎಳ್ಳಿನಂಥ ಉಗುರು ಹೊತ್ತು ತನ್ನ ಹೆಬ್ಬೆರಳನ್ನು ಹಿಡಿದುಕೊಂಡಿದ್ದ ಕಾಲ ಅವಳೊಬ್ಬಳಿಗೇ ಗೊತ್ತು.

"ಬೆರಳಾಗ ಜೀವ ಇಲ್ಲಂದ್ರ ಇಲ್ಲಿ ನೋಡು," ಎಂದು ಅವನ ಮೊಣಕೈಯನ್ನು ಹಿಡಿದು ನೀರಿಗೆ ಅದ್ದಿಸಿದಳು. ಅವನು ಹಾ ಎಂದು ಹಿಂದೆಳೆದುಕೊಂಡ. "ಹೂಂ. ಇನ್ನ ಮೊಣಕೈಲೇ ನೋಡಬೇಕು ನೀ. ಯಾವಾಗಲೂ."

ರಜೆ ಇರುವ ತನಕ ಪಾಠ ನಡೆಯಿತು. ಎಣ್ಣೆ ಹಚ್ಚುವಾಗ ಅಂಗೈಯ ತಳ ಬಳಸುವುದು. ತಲೆಗೆ ನೀರು ಹಾಕುವಾಗ ಹಣೆಗೆ ಕೈ ಅಡ್ಡ ಕೊಡುವುದು. ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಹಿಡಿಯುವುದು. ಬಾಣಂತಿಗೆ ಅಳವಿಬೀಜದ ಪಾಯಸ, ಅಂಟಿನುಂಡಿ, ಬಿಸಿ ಅನ್ನಕ್ಕೆ ಬೆಳ್ಳುಳ್ಳಿ ಖಾರ. ಧರೆಪ್ಪ ದಿನಾ ಗೋಡೆಯ ಮೇಲೆ ಗದ್ದವೂರಿ ನಗಲು ಬರುತ್ತಿದ್ದವನು, ಒಂದು ದಿನ, "ರೇವಕ್ಕಾ, ಅವ ಎಡಗೈ ತಪ್ಪು ಹಿಡದಾನ ನೋಡು," ಎಂದು ತಾನೇ ತಿದ್ದಿದ. ಕುರಿಮರಿ ಮಾತ್ರ ದಿನಾ ಎರೆಸಿಕೊಂಡು, ಹೊಗೆ ಹಿಡಿಸಿಕೊಂಡು ಇಡೀ ಹಟ್ಟಿಯಲ್ಲಿ ಗಮಗಮಿಸುವ ಒಂದೇ ಮರಿಯಾಯಿತು. ತನ್ನ ಮರಿಯನ್ನು ತಾಯಿ ಕುರಿ ಮೂಸಿ ಮೂಸಿ ನೋಡಿ ಅನುಮಾನದಿಂದ ಹಿಂದೆ ಸರಿಯುತ್ತಿತ್ತು. ಸಿದ್ದರಾಯ ತಾನೇ ಹಿಡಿದು ಮೊಲೆಗೆ ಹಚ್ಚಬೇಕಾಗುತ್ತಿತ್ತು.

ಶಂಕ್ರೆವ್ವ ಗೋಡೆಗೊರಗಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಎಳೆಬಿಸಿಲು, ಹಂಡೆಯ ಹೊಗೆ, ಅವ್ವನ ಬೈಗುಳ ಎಲ್ಲ ಕಲೆಸಿ ಅರೆನಿದ್ದೆ ಬರುತ್ತಿತ್ತು. ಅದರೊಳಗೆ ಅವಳ ಅಂಗಳ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಈಗ ಹೆಸರಿಲ್ಲದ ಮರದ ಕೆಳಗೆ ಪರಸಪ್ಪ ಕಾಲು ಚಾಚಿ ಕೂತಿರುತ್ತಿದ್ದ. ಕಾಲ ಮೇಲೆ ಏನೋ ಮಿಸುಕುತ್ತಿತ್ತು. ಅದು ಗಂಟಲು ಹರಿಯುವಂತೆ ಅಳುತ್ತಿತ್ತು, ಯಾರೂ ಶ್ ಅನ್ನುತ್ತಿರಲಿಲ್ಲ. ಕೈ ತಾನಾಗಿ ಹಿಂದಿನ ಗೋಡೆಯನ್ನು ತಡವಿದರೂ ಹಕ್ಕಳೆ ಬಾಯಿಗೆ ಬರುತ್ತಿರಲಿಲ್ಲ. ಬೆರಳ ನಡುವೆಯೇ ಪುಡಿಯಾಗಿ ಉದುರುತ್ತಿತ್ತು.

ಮುಂಬಯಿಗೆ ಹೊರಡುವ ಮುನ್ನಾ ದಿನ ರೇವವ್ವ ಏನೂ ಹೇಳಿಕೊಡಲಿಲ್ಲ. ಬಾಗಿಲ ಚೌಕಟ್ಟಿಗೆ ಆತು ನಿಂತು ನೋಡಿದಳು, ಅಷ್ಟೇ. ಪರಸಪ್ಪ ಧೋತರ ಮೇಲೆ ಕಟ್ಟಿ, ಕಾಲು ಚಾಚಿ, ಮೊಣಕೈ ಅದ್ದಿ, ಮರಿಯನ್ನು ಬೋರಲು ಹಾಕಿಕೊಂಡು ಎಣ್ಣೆ ಹಚ್ಚಿ, ಹಣೆಗೆ ಕೈ ಕೊಟ್ಟು ಎರೆದ. ಒರೆಸಿ, ಅರಿವೆಯಲ್ಲಿ ಸುತ್ತಿ, ಹೊಗೆ ಹಿಡಿದ. ಮುಗಿದಾಗ ಮರಿ ಅವನ ಕಾಲ ಮೇಲೇ ನಿದ್ದೆ ಹೋಗಿತ್ತು. ಅವನು ಅಲುಗಾಡದೆ ಅಕ್ಕನ ಕಡೆ ನೋಡಿದ.

ರೇವವ್ವ ಸೆರಗಿನಿಂದ ಮೂಗೊರೆಸಿಕೊಂಡಳು.

"ನಿನಗಿಂತ ಆ ಮರಿ ಶ್ಯಾಣ್ಯಾ ಐತಿ. ಏಳು, ಕಾಲು ಜೋಮು ಹಿಡಿತೈತಿ," ಎಂದಳು. ಒಳಗೆ ಹೊರಟವಳು ನಿಂತು, ಹಿಂದೆ ತಿರುಗಿ ನೋಡದೆ, "ಸಾಹೇಬಗ ಹೌದು ಅಂತ ಹೇಳು," ಎಂದಳು.

ಆಮೇಲೆ ಹಂಡೆಗೆ ಮತ್ತೆ ನೀರು ತುಂಬಿಸಿದಳು. ತುಂಬಿಸುತ್ತಲೇ ಇದ್ದಳು. ಉರಿ ದೊಡ್ಡದು ಮಾಡಿದಳು. ಪಕ್ಕದ ಮನೆಯ ತಿಪ್ಪವ್ವ ಬೆಂಕಿ ಕೇಳಲು ಬಂದವಳು, "ಇದ್ಯಾರಿಗೆ ಇಷ್ಟು ನೀರು?" ಎಂದಳು.

"ಮಗಳ ಬಾಣಂತನ ಮಾಡಾಕತ್ತೇನಿ."

"ಹೆರೂಕಿಂತ ಮೊದಲೇನಾ? ಎಲ್ಲೆರ ಕೇಳೇವೇನವ್ವ!"

"ಆಮ್ಯಾಲೆ ಆಕಿ ನನ್ನ ಕೈಗೆ ಸಿಗಂಗಿಲ್ಲ. ನನ್ನ ಪಾಲಿಂದು ಈಗ ಮಾಡಿ ಕಳಸ್ತೇನಿ. ಉಳದದ್ದು ನನ್ನ ತಮ್ಮ ಮಾಡ್ತಾನ."

ಬಚ್ಚಲಿನ ತಟ್ಟಿ ಎಳೆದು, ಶಂಕ್ರೆವ್ವನನ್ನು ಕಲ್ಲಿನ ಮೇಲೆ ಕೂರಿಸಿದಳು. ತಲೆಗೆ ಎಣ್ಣೆ ಒತ್ತಿದಳು. ಬೆನ್ನಿಗೆ, ಸೊಂಟಕ್ಕೆ, ಕಾಲಿನ ಮೀನಖಂಡಕ್ಕೆ ತಿಕ್ಕಿದಳು. ಹೊಟ್ಟೆಯ ಹತ್ತಿರ ಬಂದಾಗ ಮಾತ್ರ ಕೈ ಹಗುರಾಗಿ, ಬರೀ ನೆರಳಿನಂತೆ ದಾಟಿ ಹೋಯಿತು. ಆಮೇಲೆ ಮೊಣಕೈಯಿಂದ ಹದ ನೋಡಿ ನೀರು ಹಾಕತೊಡಗಿದಳು. ಒಂದು ತಂಬಿಗೆ ಬೆನ್ನ ಮೇಲಿಂದ ಇಳಿಯುವಷ್ಟರಲ್ಲಿ ಇನ್ನೊಂದು. ಹಬೆ ಎದ್ದು ತಟ್ಟಿ, ಗೋಡೆ, ಅವ್ವನ ಮುಖ ಎಲ್ಲ ಕಾಣದಾದವು. ಶಂಕ್ರೆವ್ವನಿಗೆ ತಾನು ಹೆತ್ತಾಗಿದೆ ಅನಿಸಿತು, ತಾನೇ ಈಗ ಹುಟ್ಟಿದ್ದೇನೆ ಎಂದೂ ಅನಿಸಿತು. ಬೆನ್ನ ಮೇಲೆ ಬೀಳುವ ನೀರಿನಲ್ಲಿ ಒಂದೆರಡು ಹನಿ ಬೇರೆಯಾಗಿ ಬಿದ್ದವು. ಅವು ಎಲ್ಲಿಂದ ಬಿದ್ದವು ಎಂದು ಅವಳು ತಲೆಯೆತ್ತಿ ನೋಡಲಿಲ್ಲ.

"ಅವ್ವಾ."

"ಹೂಂ."

"ಬಿಸಿ ಸರಿ ಐತಿ."

"ಸುಮ್ಮ ಕುಂದ್ರು. ಇನ್ನೂ ನೀರದಾವು."

ತಲೆಗೆ ಬಿಗಿಯಾಗಿ ಅರಿವೆ ಕಟ್ಟಿ, ಕೌದಿ ಹೊದಿಸಿ, ಒಳಕೋಣೆಯ ಹೊರಸಿನ ಮೇಲೆ ಮಲಗಿಸಿದಳು. ಕೆಳಗೆ ಕೆಂಡದ ಮೇಲೆ ಲೋಬಾನ ಹಾಕಿದಳು. ಹೊಗೆ ಹೊರಸಿನ ನುಲಿಯ ಸಂದಿಯಿಂದ ಮೆಲ್ಲಗೆ ಏರಿ ಬಂತು. ಆ ಹೊಗೆಯೊಳಗೆ ಕಣ್ಣು ಮುಚ್ಚಿದ ಶಂಕ್ರೆವ್ವನಿಗೆ, ಹೊರಗೆ ಹಿತ್ತಿಲಲ್ಲಿ ಕುರಿಮರಿಯ ಹಿಂದೆ ಓಡುತ್ತಿದ್ದ ಸಾವಿತ್ರಿಯ ದನಿ ಕೇಳಿಸಿತು.

"ಏ ಮರೀ! ನಿಂದ್ರು! ನಾವು ಝಾಂಬಿಯಾಕ್ಕ ಹೊಂಟೇವಿ! ಕೇಳಸ್ತೇನು?"

"ಇಡೀ ಇಂಡಿಗೆ ಕೇಳಸ್ತು ತಾಯಿ," ಎಂದ ಸಿದ್ದರಾಯ.

ರೇವವ್ವ ಕೆಂಡ ಕೆದರಿ, ಇನ್ನೊಂದು ಚಿಟಿಕೆ ಲೋಬಾನ ಹಾಕಿದಳು.